ಹೆರಿಗೆ ಆಸ್ಪತ್ರೆಯ ಹಳೆಯ ದಫ್ತರು

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರ ಹೊತ್ತಿಗೆ ಒಂದು ಒಳ್ಳೆಯ ರೂಢಿಯಿತ್ತು. ಹುಟ್ಟಿದ ಕೂಸನ್ನು ತೂಗಿ, ಉದ್ದ ನೋಡಿ, ತಲೆಯ ಸುತ್ತಳತೆ ಹಿಡಿದು ದಫ್ತರಿನಲ್ಲಿ ಬರೆದಿಡುತ್ತಿದ್ದರು. ತಾಯಿಯ ತೂಕವೂ ದಾಖಲಾಗುತ್ತಿತ್ತು. ಈ ಪೌಂಡು, ಇಂಚುಗಳ ಲೆಕ್ಕ ಅರ್ಧ ಶತಮಾನದ ಮೇಲೆ ಹೃದ್ರೋಗದ ಚರ್ಚೆಗೆ ಸಾಕ್ಷಿಯಾಗುತ್ತದೆಂದು ಬರೆದವರಿಗೆ ಹೊಳೆದಿರಲಾರದು. ಅದಕ್ಕೇ ಆ ಸಾಕ್ಷಿಗೆ ಬೆಲೆ ಹೆಚ್ಚು: ಯಾವ ವಾದವನ್ನೂ ಗೆಲ್ಲಿಸಲು ಬರೆದದ್ದಲ್ಲ ಅದು.

ಹೃದಯದ ಕಾಯಿಲೆ ಉಂಡುಟ್ಟವರ ಕಾಯಿಲೆ, ಬೀಡಿ-ಸಿಗರೇಟು, ಎಣ್ಣೆ-ತುಪ್ಪದ ಫಲ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. 1986ರಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಡೇವಿಡ್ ಬಾರ್ಕರ್ ಮತ್ತು ಕ್ಲೈವ್ ಆಸ್ಮಂಡ್ ಇದಕ್ಕೆ ಹೊಂದದ ಸಂಗತಿಯೊಂದನ್ನು ತೋರಿಸಿದರು. 1920ರ ದಶಕದಲ್ಲಿ ಹಸುಗೂಸುಗಳು ಹೆಚ್ಚಾಗಿ ಸಾಯುತ್ತಿದ್ದ ಬಡ ಪ್ರದೇಶಗಳಲ್ಲೇ ಐವತ್ತು ವರ್ಷದ ನಂತರ ಹೃದ್ರೋಗದ ಸಾವೂ ಹೆಚ್ಚಾಗಿತ್ತು. ಮೈಸೂರಿನ ದಫ್ತರು ಬೆಳಕಿಗೆ ಬಂದದ್ದು ಈ ಜಾಡಿನಲ್ಲೇ. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. 45 ದಾಟಿದವರಲ್ಲಿ, ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. 7 ಪೌಂಡಿಗೆ ಮೇಲ್ಪಟ್ಟವರಲ್ಲಿ ನೂರಕ್ಕೆ 3. ತಾಯಿಯೂ 100 ಪೌಂಡಿಗಿಂತ ಕಡಿಮೆ ಇದ್ದು, ಕೂಸೂ ಸಣ್ಣದಾಗಿದ್ದಲ್ಲಿ ಆ ಪ್ರಮಾಣ ನೂರಕ್ಕೆ 20. ಬಸುರಿ ಹೆಂಗಸು ನಲವತ್ತೈದು ಕಿಲೋ ಕೂಡ ತೂಗಲಿಲ್ಲವೆಂದರೆ, ಆಕೆ ಬೆಳೆದ ಮನೆಯ ಊಟವನ್ನೂ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಯನ್ನೂ ನಾವು ನೆನೆಯಲೇಬೇಕು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಸಿಕ್ಕವರು ಬದುಕುಳಿದವರು, ಊರು ಬಿಡದವರು. ಎಲ್ಲರ ಕಥೆ ಇವರಿಂದ ತಿಳಿಯದು. ಇದು ನಿಜ. ಆದರೆ ಸಣ್ಣ ಕೂಸುಗಳು ಮೊದಲೇ ಸಾಯುತ್ತಿದ್ದ ಕಾಲದಲ್ಲಿ, ಉಳಿದ ಗಟ್ಟಿಗರಲ್ಲೂ ಈ ಅಂತರ ಕಂಡಿತೆಂಬುದನ್ನು ಮರೆಯಬಾರದು. ದೊಡ್ಡವರಾದ ಮೇಲಿನ ಅಭ್ಯಾಸಗಳೇ ಕಾರಣವಿರಬಹುದೇ? ಗೊತ್ತಿರುವ ಇತರ ಅಪಾಯಕಾರಿ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಬಹುಮಟ್ಟಿಗೆ ಉಳಿಯಿತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಇದೇ ದಫ್ತರು ಬೇರೆ ಉತ್ತರ ಕೊಟ್ಟಿತು: ಅಲ್ಲಿ ಹೆಚ್ಚು ತುತ್ತಾದವರು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರು, ಅವರ ತಾಯಂದಿರ ತೂಕ ಸರಾಸರಿಗಿಂತ ಹೆಚ್ಚು. ಹಾಗಾಗಿ ಹಸಿವೊಂದೇ ಎಲ್ಲಕ್ಕೂ ಮೂಲ ಎನ್ನಲಾಗದು. ತಾಯಿಯ ದೇಹಸ್ಥಿತಿ ಮಗುವಿನ ನಡುವಯಸ್ಸಿನವರೆಗೂ ಕೈ ಚಾಚುತ್ತದೆ ಎಂಬುದಂತೂ ಎರಡೂ ಕಡೆ ಕಾಣುತ್ತದೆ.

ಇದನ್ನು ತಾಯಿಯ ತಪ್ಪೆಂದು ಓದುವವರಿದ್ದಾರೆ; ಅದು ಕ್ರೂರ ಓದು. ತನ್ನ ತಟ್ಟೆಗೆ ಎಷ್ಟು ಬೀಳಬೇಕೆಂದು ಆಕೆ ನಿರ್ಧರಿಸಿದವಳಲ್ಲ. ಕರ್ನಾಟಕ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದು ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸತೊಡಗಿದ್ದು ಸರಿಯಾದ ಹೆಜ್ಜೆ. ಆದರೆ ಬಸುರಿಯ ತೂಕ ಆ ಒಂಬತ್ತು ತಿಂಗಳಲ್ಲೇ ಕೂಡಿದ್ದಲ್ಲ, ಅದು ಆಕೆಯ ಬಾಲ್ಯದಿಂದ ಬಂದದ್ದು. ಆದ್ದರಿಂದ ಆ ಊಟ ಹೈಸ್ಕೂಲು ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಗೂ ಸಿಗಬೇಕು, ಮದುವೆಗೆ ಬಹಳ ಮುಂಚೆಯೇ ಸಿಗಬೇಕು.