ಮುಂಬಯಿಯಲ್ಲಿ ನೋಡಿದ ನಮ್ಮೂರು

ಮುಂಬಯಿಯಲ್ಲಿ ಮನೆ ಮಾಡಿದ ಕನ್ನಡಿಗನಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಿಂದ ಬಂದ ನೆಂಟರಿಗೆ ಮುಂಬಯಿ ತೋರಿಸುವುದು. ಗೇಟ್‌ವೇ ಆಫ್ ಇಂಡಿಯಾ, ಚೌಪಾಟಿ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಹ್ಯಾಂಗಿಂಗ್ ಗಾರ್ಡನ್ನು, ಅದರೆದುರಿನ ಬೂಟಿನ ಮನೆ, ಕೊನೆಗೆ ಜುಹೂದಲ್ಲಿ ಅಮಿತಾಭನ ಬಂಗಲೆಯ ಗೇಟು. ಈ ಸವಾರಿಯನ್ನು ನಾನು ಎಷ್ಟು ಸಲ ಮಾಡಿಸಿದ್ದೇನೋ ಲೆಕ್ಕವಿಲ್ಲ. ನೆಂಟರು ಹೋದ ಮೇಲೆ ಉಳಿಯುತ್ತಿದ್ದ ಭಾನುವಾರಗಳಲ್ಲಿ ನಾವು ನಾಲ್ವರು ನೋಡಿದ್ದೇ ಬೇರೆ ಮುಂಬಯಿ. ಇಲ್ಲಿ ಅದರ ಮಾತು.

1987ರಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವನು ನಾನು. ಮನೆ ಡೊಂಬಿವಲಿಯಲ್ಲಿ, ಆಫೀಸು ಫೋರ್ಟಿನಲ್ಲಿ. ಊರು ಹುನಗುಂದ ತಾಲೂಕಿನ ಅಮೀನಗಡ. ಕರದಂಟಿನ ಹೆಸರು ಕೇಳಿದವರಿಗೆ ಪರಿಚಯ ಬೇಕಿಲ್ಲ. ಅಲ್ಲಿಂದ ಐಹೊಳೆ ಹತ್ತು ಕಿಲೋಮೀಟರಿನ ಆಸುಪಾಸು. ಸಣ್ಣವರಿದ್ದಾಗ ನಮಗೆ ಐಹೊಳೆ ಅಂದರೆ ದನ ಮೇಯಿಸುವವರು ಬಿಸಿಲಿಗೆ ಕೂಡುವ ಕಲ್ಲುಗುಡಿಗಳು, ಅಷ್ಟೆ. ಅದನ್ನು ಸರಿಯಾಗಿ ನೋಡಲಿಕ್ಕೆ ಕಲಿತದ್ದು ಮುಂಬಯಿಗೆ ಬಂದ ಮೇಲೆ.

ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಶಾಲೆಯಿಂದ ಬಂದವಳೇ ಕೇಳಿದಳು, “ಪಪ್ಪಾ, ನಾವು ಬಾಹೇರ್‌ಚೇ ಏನು?” ಹೊರಗಿನವರಾ ಅಂತ. ಯಾವುದೋ ಹುಡುಗಿ ಜಗಳದಲ್ಲಿ ಅಂದಿದ್ದಳಂತೆ. ಅವಳ ತಾಯಿ, “ಹಂಗೇನಿಲ್ಲ, ಊಟ ಮಾಡು” ಎಂದಳು. ಆದರೆ ಹುಡುಗಿ ಕೇಳಿದ್ದು ಊಟ ಹಾಕಿ ಮುಗಿಸುವ ಪ್ರಶ್ನೆಯಾಗಿರಲಿಲ್ಲ. ನಾನು ಎಂ.ಕಾಂ. ಓದಿದವನು, ಇತಿಹಾಸ ನನ್ನ ವಿಷಯವಲ್ಲ. ಬ್ಯಾಂಕಿನ ಲೈಬ್ರರಿಯಿಂದ ಗ್ಯಾಸೆಟಿಯರ್ ತಂದು ಓದತೊಡಗಿದ್ದು ಆಗಲೇ.

ಮೊದಲು ಹೋದದ್ದು ಎಲಿಫೆಂಟಾಕ್ಕೆ. ಗೇಟ್‌ವೇಯಿಂದ ಲಾಂಚಿನಲ್ಲಿ ಒಂದು ತಾಸು. 1987ರಲ್ಲೇ, ಅಂದರೆ ನಾನು ಮುಂಬಯಿಗೆ ಬಂದ ವರ್ಷವೇ, ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಆದರೂ ದ್ವೀಪದ ಹಳ್ಳಿಗಳಿಗೆ ತಂತಿಯ ಕರೆಂಟು ಬಂದದ್ದು 2018ರಲ್ಲಿ, ಸಮುದ್ರದ ತಳದಲ್ಲಿ ಕೇಬಲ್ ಹಾಕಿದ ಮೇಲೆ. ದೇಶದ ವಾಣಿಜ್ಯ ರಾಜಧಾನಿ ಕಣ್ಣೆದುರಿಗೇ ಝಗಝಗ ಅನ್ನುತ್ತಿರುವಾಗ ಅಲ್ಲಿಯ ಜನ ರಾತ್ರಿ ಕೆಲವು ತಾಸು ಜನರೇಟರ್ ನಂಬಿ ಕೂತಿದ್ದರು.

ದ್ವೀಪದ ಸ್ಥಳೀಯ ಹೆಸರು ಘಾರಾಪುರಿ. ಪೋರ್ಚುಗೀಜರು ಇಳಿದಾಗ ದಂಡೆಯ ಹತ್ತಿರ ಕಲ್ಲಿನ ಆನೆಯೊಂದನ್ನು ಕಂಡು ಎಲಿಫೆಂಟಾ ಅಂದರು. ಆ ಆನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಅದು ಒಡೆಯಿತು. ಮುಂದೆ ತುಂಡುಗಳನ್ನು ಜೋಡಿಸಿದರು. ಈಗ ಅದು ಬೈಕಲ್ಲಾದಲ್ಲಿ, ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಹೊರಗೆ ನಿಂತಿದೆ. ಪಕ್ಕದ ಪ್ರಾಣಿಸಂಗ್ರಹಾಲಯಕ್ಕೆ ಹೋಗುವ ನಮ್ಮ ಜನ ಜೀವಂತ ಆನೆ ಹುಡುಕುತ್ತ ಇದನ್ನು ದಾಟಿಹೋಗುತ್ತಾರೆ.

ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634-35ರದು. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ನೂರಾರು ಹಡಗುಗಳಲ್ಲಿ ಮುತ್ತಿದ ವರ್ಣನೆ ಅದರಲ್ಲಿ ಬರುತ್ತದೆ. ಆ ಹಡಗುಗಳನ್ನು ಕವಿ ಮದವೇರಿದ ಆನೆಗಳಿಗೆ ಹೋಲಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವರು, ಅಲ್ಲ, ಜಂಜಿರಾ ಹತ್ತಿರದ ರಾಜಪುರಿ ಎಂದು ಕೆಲವರು. ಲಾಂಚಿನಲ್ಲಿ ಕೂತು ಇದನ್ನು ಹೇಳಿದಾಗ ಮಗ, “ಅಂದ್ರ ನಮ್ಮೂರವರು ನಮ್ಮಕಿಂತ ಮೊದಲ ಬೋಟ್‌ನ್ಯಾಗ ಬಂದಿದ್ರು” ಎಂದ. ಹೌದು. ಆದರೆ ಬಂದದ್ದು ದಂಡೆತ್ತಿಕೊಂಡು ಎನ್ನುವುದನ್ನೂ ಮರೆಯಬಾರದು.

ಇಲ್ಲಿಯ ಕೆಲವು ಕನ್ನಡ ಮಿತ್ರರು ಎಲಿಫೆಂಟಾ ಕೆತ್ತಿಸಿದ್ದು ರಾಷ್ಟ್ರಕೂಟರೇ ಎಂದು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ದ್ವೀಪದಲ್ಲಿ ಕಲಚುರಿ ಕೃಷ್ಣರಾಜನ ನಾಣ್ಯಗಳು ಬಹಳ ಸಿಕ್ಕಿವೆ. ಆದ್ದರಿಂದ ಆರನೆಯ ಶತಮಾನದ ನಡುವೆ, ಕಲಚುರಿಗಳ ಕಾಲದ ಕೆಲಸ ಎಂಬುದೇ ಇಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸುಮಾರು 20 ಅಡಿ ಎತ್ತರದ ಆ ಮೂರು ಮುಖದ ಶಿವನ ಎದುರು ನಿಂತಾಗ ಇದು ಯಾರದು ಎಂಬ ಮಾತೇ ನಾಲಿಗೆಗೆ ಬರುವುದಿಲ್ಲ, ಅದು ಬೇರೆ.

ರಾಷ್ಟ್ರಕೂಟರನ್ನು ಹುಡುಕಬೇಕಾದರೆ ಹೋಗಬೇಕಾದ್ದು ಬೋರಿವಲಿಗೆ. ನ್ಯಾಷನಲ್ ಪಾರ್ಕಿಗೆ ಜನ ಹೋಗುವುದು ಹುಲಿ-ಸಿಂಹದ ಸಫಾರಿಗೆ. ಒಳಗೆ ಐದಾರು ಕಿಲೋಮೀಟರ್ ಹೋದರೆ ಕಾನ್ಹೇರಿ, ಅಂದರೆ ಕೃಷ್ಣಗಿರಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಸಾವಿರ ವರ್ಷ ಭಿಕ್ಷುಗಳು ಇಲ್ಲಿ ಇದ್ದರು. ಗುಹೆಗುಹೆಗೂ ನೀರಿನ ತೊಟ್ಟಿ ಕೊರೆದಿದ್ದಾರೆ. ಡೊಂಬಿವಲಿಯಲ್ಲಿ ದಿನಕ್ಕೆ ಒಂದು ತಾಸು ನಲ್ಲಿ ಕಾಯುತ್ತಿದ್ದ ನನ್ನ ಹೆಂಡತಿ ಮೂರ್ತಿಗಳಿಗಿಂತ ಆ ತೊಟ್ಟಿಗಳನ್ನೇ ಹೆಚ್ಚು ಹೊತ್ತು ನೋಡಿದಳು.

ಇಲ್ಲಿ ಒಂಬತ್ತನೆಯ ಶತಮಾನದ ಮೂರು ಶಾಸನಗಳು ಅಮೋಘವರ್ಷನ ಹೆಸರು ಹೇಳುತ್ತವೆ. ಕವಿರಾಜಮಾರ್ಗದ ಅದೇ ನೃಪತುಂಗ. ಮಳಖೇಡದಲ್ಲಿ ಕೂತ ಅವನ ಕೈಕೆಳಗೆ ಶಿಲಾಹಾರ ಪುಲ್ಲಶಕ್ತಿ, ಆಮೇಲೆ ಕಪರ್ದಿ ಕೊಂಕಣವನ್ನು ಆಳುತ್ತಿದ್ದರು. ಸಮಣ ಜೈನಪರ ದೊರೆಯ ರಾಜ್ಯದಲ್ಲಿ ಬಂಗಾಲದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಬೌದ್ಧ ಭಕ್ತ ಕಾನ್ಹೇರಿಯ ಭಿಕ್ಷುಗಳಿಗೆ 100 ದ್ರಮ್ಮ ಇಡುಗಂಟು ಕೊಟ್ಟ. ಹೊರಗಿನವರು ಬಂದು ಇಲ್ಲಿ ದುಡ್ಡಿಡುವುದು ಹೊಸದೇನಲ್ಲ ಎಂದು ನಾನು ಮಗಳಿಗೆ ಹೇಳಿದ್ದು ಈ ಶಾಸನದ ಆಧಾರದ ಮೇಲೆ. ಅದೇ ಕಾನ್ಹೇರಿಯ 90ನೆಯ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿ ಮತ್ತು 1021ರಲ್ಲಿ ಬಂದ ಪಾರಸಿಗಳು ತಾರೀಖು ಸಮೇತ ತಮ್ಮ ಹೆಸರು ಬರೆದು ಹೋಗಿದ್ದಾರೆ. ಅವರದು ಬೇರೆ ಧರ್ಮ, ಪೂಜೆಗೆ ಬಂದವರಲ್ಲ. ನಮ್ಮ ಹಾಗೆ ನೋಡಲು ಬಂದವರು!

ಲೆಕ್ಕದ ಮನುಷ್ಯನಾದ ನನಗೆ ಖುಷಿ ಕೊಟ್ಟದ್ದು ಮಾತ್ರ ನಾಶಿಕದ ಪಾಂಡವಲೇಣಿ. ಒಮ್ಮೆ ರಜೆ ಸೇರಿಸಿ ಕಲ್ಯಾಣದಿಂದ ಗಾಡಿ ಹತ್ತಿದೆವು. ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನವಿದೆ, ಸುಮಾರು 1900 ವರ್ಷ ಹಳೆಯದು. ಭಿಕ್ಷುಗಳಿಗಾಗಿ 3000 ಕಾರ್ಷಾಪಣ ದಾನ. ಅದರಲ್ಲಿ 2000ವನ್ನು ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರಂತೆ, 1000ವನ್ನು ಇನ್ನೊಂದು ನೇಕಾರ ಶ್ರೇಣಿಯಲ್ಲಿ ತಿಂಗಳಿಗೆ ಮುಕ್ಕಾಲರಂತೆ ಇಟ್ಟಿದ್ದಾನೆ. ಅಸಲು ತೆಗೆಯುವ ಹಾಗಿಲ್ಲ, ಬಡ್ಡಿ ಮಾತ್ರ. ಗುಹೆಯಲ್ಲಿ ಮಳೆಗಾಲ ಕಳೆಯುವ ಇಪ್ಪತ್ತು ಭಿಕ್ಷುಗಳಿಗೆ ತಲಾ 12ರಂತೆ ಬಟ್ಟೆಯ ಹಣ. ಗುಣಿಸಿ ನೋಡಿ: 240. ಎರಡು ಸಾವಿರಕ್ಕೆ ವರ್ಷಕ್ಕೆ ಶೇಕಡಾ 12ರ ಬಡ್ಡಿಯೂ 240. ಒಂದು ಕಾಸು ಆಚೀಚೆ ಇಲ್ಲ! ಮೇಲಾಗಿ ಇದನ್ನು ಊರಿನ ಸಭೆಯಲ್ಲಿ ಸಾರಿ, ದಫ್ತರದಲ್ಲಿ ದಾಖಲು ಮಾಡಿದ್ದಾಗಿ ಬರೆಸಿದ್ದಾನೆ. ಒಂದೇ ಕಡೆ ಇಡದೆ ಎರಡು ಶ್ರೇಣಿಗಳಲ್ಲಿ ಹಂಚಿದ ಜಾಣತನ ಬೇರೆ. ನಮ್ಮ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟಿನವರು ಬಂದರೂ ತಕರಾರು ತೆಗೆಯಲಿಕ್ಕಾಗದ ಫಿಕ್ಸೆಡ್ ಡಿಪಾಜಿಟ್ಟು ಅದು. ನಾನು ಇಷ್ಟೆಲ್ಲ ವಿವರಿಸುವಾಗ ಮಕ್ಕಳು ಹೊರಗೆ ಕರದಂಟು ತಿನ್ನುತ್ತ ಮಂಗಗಳನ್ನು ಓಡಿಸುತ್ತಿದ್ದರು.

ಕಾರ್ಲಾಕ್ಕೂ ಹೋಗಿದ್ದೆವು. ಲೋಣಾವಳಾದ ಹತ್ತಿರ, ಏಕವೀರಾ ದೇವಿಯ ಗುಡಿಯ ಪಕ್ಕದಲ್ಲೇ ಭಾರತದ ಅತಿ ದೊಡ್ಡ ಚೈತ್ಯಗುಹೆ. ಜಂಬೂದ್ವೀಪಕ್ಕೇ ಶ್ರೇಷ್ಠವಾದ ಈ ಕಲ್ಲುಮನೆಯನ್ನು ಪೂರೈಸಿದವನು ತಾನು ಎಂದು ಬರೆಸಿಕೊಂಡವನು ವೈಜಯಂತಿಯ ಶ್ರೇಷ್ಠಿ ಭೂತಪಾಲ. ವೈಜಯಂತಿ ಎಂದರೆ ನಮ್ಮ ಬನವಾಸಿ. ಎರಡು ಸಾವಿರ ವರ್ಷದ ಹಿಂದೆ ಶಿರಸಿ ಸೀಮೆಯ ಸೆಟ್ಟಿಯೊಬ್ಬ ಘಟ್ಟದ ಹಾದಿಯ ವ್ಯಾಪಾರಕ್ಕೆ ಬಂದಿರಬೇಕು. ಬಂದವನು ಊರ ಹೆಸರು ಬಿಡಲಿಲ್ಲ.

1996ರಲ್ಲಿ ನಮ್ಮಪ್ಪ ಕಣ್ಣಿನ ಪೊರೆ ತೆಗೆಸಲು ಮುಂಬಯಿಗೆ ಬಂದರು. ಕಣ್ಣು ನೆಟ್ಟಗಾದ ಮೇಲೆ ಏನು ನೋಡುತ್ತೀರಿ ಎಂದರೆ, “ಗದ್ದಲ ಇಲ್ಲದ ಕಡೆ ಕರಕೊಂಡು ಹೋಗು” ಎಂದರು. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿಗೆ ಹೋದೆವು. 1922ರಲ್ಲಿ ಜನರಿಗೆ ತೆರೆದದ್ದು. 1998ರಿಂದ ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರು. ಅಲ್ಲಿಯ ಶಿಲ್ಪಗಳ ನಡುವೆ ಐಹೊಳೆಯ ಕಲ್ಲುಗಳಿವೆ. ಹಂಸದ ಮೇಲಿನ ಬ್ರಹ್ಮ, ಶಿವ, ಶೇಷಶಾಯಿ ವಿಷ್ಣು. ಹುಚ್ಚಪ್ಪಯ್ಯನ ಗುಡಿಯ ಛಾವಣಿಯವು, ಏಳನೆಯ ಶತಮಾನದವು.

ಮಗಳು ಚೀಟಿಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು, “ಐಹೊಳೆ, ಡಿಸ್ಟ್ರಿಕ್ಟ್ ಬಿಜಾಪುರ್.” ಅಪ್ಪ ನಿಂತರು.

“ಇದನ್ಯಾರು ಇಲ್ಲಿಗೆ ತಂದ್ರೋ?”

ನಾನು ಹೇಳಿದೆ. ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಎಲ್ಲ 1956ರ ನವೆಂಬರ್ 1ರ ವರೆಗೆ ಮುಂಬಯಿಗೇ ಸೇರಿದ್ದವಲ್ಲ. ಇಲಾಖೆಯ ಸಾಹೇಬರಿಗೆ ಐಹೊಳೆಯೂ ಎಲಿಫೆಂಟಾವೂ ಒಂದೇ ಇಲಾಖೆಯ ಊರುಗಳು. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಮುಲ್ಕಿ ಪರೀಕ್ಷೆ ಪಾಸಾದದ್ದು ಮುಂಬಯಿ ಸರಕಾರದಲ್ಲಿ, ಅವರಪ್ಪ ಭೂಮಿಯ ಪಟ್ಟಿ ಕಟ್ಟಿದ್ದೂ ಮುಂಬಯಿ ಸರಕಾರಕ್ಕೆ. ಮುಂಬಯಿಯನ್ನು ಕಣ್ಣಾರೆ ನೋಡುವ ಮೊದಲೇ ಅರ್ಧ ಆಯುಷ್ಯ ಅದರ ಪ್ರಜೆಯಾಗಿದ್ದವರು. ಏಕೀಕರಣದ ಮೇಲೂ ನಮ್ಮ ಭಾಗಕ್ಕೆ ‘ಮುಂಬೈ ಕರ್ನಾಟಕ’ ಎಂಬ ಹೆಸರು ಅಂಟಿಕೊಂಡೇ ಇತ್ತು. ‘ಕಿತ್ತೂರು ಕರ್ನಾಟಕ’ ಆದದ್ದು 2021ರಲ್ಲಿ. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ.

ಅವರು ಬ್ರಹ್ಮನ ಕಲ್ಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು, “ಇದು ಗ್ವಾಡಿ ಕಲ್ಲಲ್ಲ ಬೇ, ಮಾಳಿಗಿ ಕಲ್ಲು. ಇವರು ನಿಲ್ಲಿಸಿಬಿಟ್ಟಾರ. ಇದನ್ನ ಕೆಳಗ ನಿಂತು ಕತ್ತೆತ್ತಿ ನೋಡಬೇಕು” ಎಂದರು. ಅವಳು ಹಿಂದೆಮುಂದೆ ನೋಡದೆ, ಕಾವಲುಗಾರನ ಎದುರಿಗೇ, ಗೋಡೆಯ ಬುಡದಲ್ಲಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳು. ಕಾವಲುಗಾರ ಓಡಿ ಬಂದು, ಯಾವ ಊರಿನವರು ನೀವು ಎಂದು ಮರಾಠಿಯಲ್ಲಿ ಗದರಿಸಿದ. ಅವಳು ಮಲಗಿದಲ್ಲಿಂದಲೇ ಕೈ ಎತ್ತಿ ಬ್ರಹ್ಮನ ಕಡೆ ತೋರಿಸಿ, ಮರಾಠಿಯಲ್ಲೇ, “ಯಾಂಚ್ಯಾ ಗಾವ್‌ಚೇ” ಎಂದಳು. ಇವರ ಊರಿನವರು ಅಂತ.