ಮಿದುಳಿನ ಮುಪ್ಪು ಮತ್ತು ಜೀನ್ ನಿಯಂತ್ರಣ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ಚಾಮರಾಜನಗರ, ಗುಂಡ್ಲುಪೇಟೆಯ ಜಗಲಿಗಳಿಗೆ ಹೊಸದಲ್ಲ. ಆದರೆ ಮಿದುಳಿನ ಕೋಶದೊಳಗೆ ನಡೆಯುವುದು ಇಷ್ಟು ಸರಳವಾಗಿಲ್ಲ. ನರಕೋಶಗಳಲ್ಲಿ ಹೆಚ್ಚಿನವು ಒಮ್ಮೆ ರೂಪುಗೊಂಡ ಮೇಲೆ ಮತ್ತೆ ವಿಭಜನೆಯಾಗುವುದಿಲ್ಲ. ಎಂಬತ್ತರ ಅಜ್ಜಿಯ ತಲೆಯಲ್ಲಿರುವುದು ಬಹುಮಟ್ಟಿಗೆ ಬಾಲ್ಯದ ಕೋಶಗಳೇ. ಅವುಗಳ ಡಿಎನ್‌ಎ ಬರಹ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಯಾವ ಜೀನ್ ಎಷ್ಟು ದುಡಿಯಬೇಕೆಂಬ ಲೆಕ್ಕ ಮಾತ್ರ ಏರುಪೇರಾಗುತ್ತದೆ.

ಮುಪ್ಪನ್ನು ಜೀನ್‌ಗಳ ಚಟುವಟಿಕೆಯ ಬದಲಾವಣೆಯಾಗಿ ನೋಡುವ ಸಿದ್ಧಾಂತವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂ.ಎಸ್. ಕಾನುಂಗೊ 1975ರಲ್ಲೇ ಮಂಡಿಸಿದ್ದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಕೆ. ಸುಬ್ಬರಾವ್ ಅವರ ತಂಡ, ಡಿಎನ್‌ಎಗೆ ಆದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ವಯಸ್ಸಾದ ನರಕೋಶಗಳಲ್ಲಿ ಕುಗ್ಗುವುದನ್ನು ತೋರಿಸಿತು.

ಗುಂಡ್ಲುಪೇಟೆಗೆ ಹತ್ತಿರದ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ, ಅದೂ ಅನಿರೀಕ್ಷಿತ ಜಾಗದಲ್ಲಿ. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸಿ ಹೆಸರಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಮಿದುಳಿಗೂ ಏನು ನಂಟು ಎನ್ನಿಸಬಹುದು. ಅಲ್ಲಿನ ಕೆ.ಎಸ್. ಜಗನ್ನಾಥ ರಾವ್ ಮತ್ತು ಸಂಗಡಿಗರು, ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಮಿತ್ರ ಅವರೊಂದಿಗೆ, ಆಲ್‌ಝೈಮರ್ ರೋಗಿಗಳ ಹಿಪೊಕ್ಯಾಂಪಸ್‌ನಿಂದ ಡಿಎನ್‌ಎ ತೆಗೆದು ಪರೀಕ್ಷಿಸಿದರು. ಹಿಪೊಕ್ಯಾಂಪಸ್ ಎಂದರೆ ನೆನಪು ಕಟ್ಟುವ ಭಾಗ. ಡಿಎನ್‌ಎಯ ಎಳೆಗಳು ಸಾಮಾನ್ಯವಾಗಿ ಬಲಕ್ಕೆ ಹೊಸೆದುಕೊಂಡಿರುತ್ತವೆ. ರೋಗ ತೀವ್ರವಾಗಿದ್ದ ಮಿದುಳಿನಲ್ಲಿ ಅವು ಎಡಕ್ಕೆ ಹೊಸೆದ ‘ಝಡ್’ ರೂಪಕ್ಕೆ ತಿರುಗಿದ್ದವು. ರೋಗ ಮಧ್ಯಮ ಹಂತದಲ್ಲಿದ್ದಾಗ ಎರಡರ ನಡುವಿನ ರೂಪದಲ್ಲಿದ್ದವು. ವರದಿ 2002ರಲ್ಲಿ ಪ್ರಕಟವಾಯಿತು. ಹೊಸೆತ ಬದಲಾದರೆ ಜೀನ್ ಓದುವ ಪ್ರೋಟೀನ್‌ಗಳಿಗೆ ಹಿಡಿತ ತಪ್ಪಬಹುದು ಎಂಬುದೇ ಇದರ ಮಹತ್ವ. ಆದರೆ ಇದು ರೋಗಪೀಡಿತ ಮಿದುಳಿನ ಮಾತು, ಎಲ್ಲ ಮುಪ್ಪಿಗೂ ಹೊಂದಿಸುವಂತಿಲ್ಲ.

ಸಹಜ ಮುಪ್ಪಿನ ಸ್ಪಷ್ಟ ಚಿತ್ರ 2004ರಲ್ಲಿ ಅಮೆರಿಕದಿಂದ ಬಂತು. ಹಾರ್ವರ್ಡ್‌ನ ಬ್ರೂಸ್ ಯಾಂಕ್ನರ್ ತಂಡ 26ರಿಂದ 106 ವರ್ಷದವರೆಗಿನ 30 ಮಂದಿಯ ಮರಣೋತ್ತರ ಮಿದುಳು ಅಂಗಾಂಶವನ್ನು ಹೋಲಿಸಿತು. ನಲವತ್ತು ದಾಟುತ್ತಲೇ ಕಲಿಕೆ, ನೆನಪಿಗೆ ಬೇಕಾದ ಕೆಲವು ಜೀನ್‌ಗಳು ಮಂಕಾಗತೊಡಗುತ್ತವೆ, ಒತ್ತಡ ಎದುರಿಸುವ ಮತ್ತು ಡಿಎನ್‌ಎ ರಿಪೇರಿಯ ಜೀನ್‌ಗಳು ಚುರುಕಾಗುತ್ತವೆ. ಮಂಕಾದ ಜೀನ್‌ಗಳ ‘ಸ್ವಿಚ್’ ಭಾಗದಲ್ಲೇ ಡಿಎನ್‌ಎಗೆ ಹೆಚ್ಚು ಪೆಟ್ಟು ಬಿದ್ದಿತ್ತು. ಅರಳುಮರಳಿಗೆ ಅರವತ್ತರವರೆಗೆ ಕಾಯಬೇಕಿಲ್ಲ ಎಂದಾಯಿತು!

ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಉಳಿದುಬಂದ ಜನನ ದಾಖಲೆಗಳು ಇನ್ನೊಂದು ದಾರಿ ತೆರೆದವು. ಹುಟ್ಟಿದಾಗಿನ ತೂಕಕ್ಕೂ ಇಳಿವಯಸ್ಸಿನ ನೆನಪಿನ ಶಕ್ತಿಗೂ ಇರಬಹುದಾದ ನಂಟನ್ನು ‘ಮೈನಾ’ ಅಧ್ಯಯನ ಹುಡುಕಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಪರೀಕ್ಷಿಸುವ ಗುರಿಯ ಅಧ್ಯಯನವನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಆರಂಭಿಸಿತು. ಇವೆರಡೂ ಬದುಕಿರುವವರನ್ನು ನೋಡುವ ಅಧ್ಯಯನಗಳು. ನರಕೋಶದ ಜೀನ್ ಲೆಕ್ಕ ನೇರವಾಗಿ ಸಿಗಬೇಕಾದರೆ ಮಿದುಳಿನ ಅಂಗಾಂಶವೇ ಬೇಕು.

ಅದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ದಾನಕ್ಕೆ ಮನೆಯವರ ಒಪ್ಪಿಗೆ ಬೇಕು. ಜೀನ್ ಚಟುವಟಿಕೆಯ ಗುರುತಾದ ಆರ್‌ಎನ್‌ಎ ಸಾವಿನ ಬಳಿಕ ಕೆಡುತ್ತಾ ಹೋಗುವುದರಿಂದ ಪ್ರತಿ ಗಂಟೆಯೂ ಮುಖ್ಯ. ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ದಾರಿ.