ಎಣಿಕೆ ಮತ್ತು ನೋಟ

ನಮ್ಮ ಕಡೆಯ ಶಾಸನಗಳನ್ನು ಓದುತ್ತ ಹೋದರೆ ಆಕಾಶವು ಮತ್ತೆ ಮತ್ತೆ ಎದುರಾಗುತ್ತದೆ. ಬಿ. ಎಲ್. ರೈಸರು 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ಸೀಮೆಗಳ ಕಲ್ಬರಹಗಳು ಸೇರಿವೆ. ಎಡತೊರೆಯೆಂದರೆ ಈಗಿನ ಕೃಷ್ಣರಾಜನಗರ. ಕನ್ನಡ ಶಾಸನಗಳಲ್ಲಿ ದಾನಿಯ ಹೆಸರು, ಭೂಮಿಯ ಎಲ್ಲೆಗಳ ಜೊತೆಗೆ ಸಂವತ್ಸರ, ಮಾಸ, ತಿಥಿ, ವಾರಗಳು ಬರುತ್ತವೆ. ಎಷ್ಟೋ ಕಡೆ ‘ಸೂರ್ಯಗ್ರಹಣ’, ‘ಸೋಮಗ್ರಹಣ’, ‘ಉತ್ತರಾಯಣ ಸಂಕ್ರಮಣ’ ಎಂಬ ಮಾತೂ ಬರುತ್ತದೆ. ನಾನು ಕನ್ನಡದ ಮೇಷ್ಟ್ರಾಗಿದ್ದವನು, ಖಗೋಳವಿಜ್ಞಾನಿಯಲ್ಲ. ಆದರೆ ಶಾಸನಗಳ ಕಾಲನಿರ್ಣಯ ಮಾಡುವಾಗ ನಮಗೆಲ್ಲ ಕೊನೆಗೆ ಸಾಕ್ಷಿ ನುಡಿಯುತ್ತ ಬಂದವರು ಸೂರ್ಯಚಂದ್ರರೇ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಸಂಪುಟಗಳನ್ನು ತೆರೆದು ಗ್ರಹಣದ ದಿನ ತಾಳೆಯಾದರೆ ಶಾಸನದ ಕಾಲ ನಿಂತಿತೆಂದೇ ಅರ್ಥ. ಈಚೆಗೆ ಬೆಂಗಳೂರಿನ ಬಿ. ಎಸ್. ಶೈಲಜಾ ಅವರು ಸಂಗಡಿಗರೊಡನೆ ಇಂಥ ಉಲ್ಲೇಖಗಳನ್ನು ಹುಡುಕಿ ಕಲೆಹಾಕಿದ್ದಾರೆ.

ಇದರಿಂದ ನಮ್ಮವರೆಲ್ಲ ಆಕಾಶವನ್ನು ನೋಡುತ್ತಿದ್ದರು ಎಂದು ಹೇಳಿಬಿಡಬಹುದೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಗ್ರಹಣವನ್ನು ಎಣಿಸಿ ತಿಳಿಯುವುದು ಒಂದು, ಕಣ್ಣಾರೆ ನೋಡುವುದು ಇನ್ನೊಂದು. ನನ್ನ ಊರಾದ ಬೆಟ್ಟದಪುರದಿಂದಲೇ ಇದಕ್ಕೊಂದು ನಿದರ್ಶನ ಕೊಡುತ್ತೇನೆ. ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರು ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ ಎಂದು ಮಳೆಗಳನ್ನು ಹೆಸರಿಸಿ ಹೊಗೆಸೊಪ್ಪು, ರಾಗಿಗಳ ಕೆಲಸ ಹೂಡುತ್ತಾರೆ. ಇವು ನಕ್ಷತ್ರಗಳ ಹೆಸರುಗಳು. ಆದರೆ ಮೃಗಶಿರಾ ಮಳೆಯ ಕಾಲದಲ್ಲಿ, ಅಂದರೆ ಜೂನ್ ತಿಂಗಳ ಎರಡು ವಾರ, ಮೃಗಶಿರಾ ನಕ್ಷತ್ರ ಯಾರ ಕಣ್ಣಿಗೂ ಬೀಳದು. ಆಗ ಸೂರ್ಯ ಅದೇ ನಕ್ಷತ್ರದಲ್ಲಿರುತ್ತಾನೆ. ಅವನ ಬೆಳಕಿನಲ್ಲಿ ಅದು ಮುಳುಗಿರುತ್ತದೆ. ಆ ನಕ್ಷತ್ರವನ್ನು ನೋಡಬೇಕಾದರೆ ಡಿಸೆಂಬರಿನ ಸಂಜೆ ಪೂರ್ವಕ್ಕೆ ಮುಖಮಾಡಿ ನಿಲ್ಲಬೇಕು. ಸೂರ್ಯ ಎಲ್ಲಿದ್ದಾನೆಂದು ಮೊದಲು ಕಂಡುಕೊಂಡವರು ಬೆಳಗಿನ ಜಾವ ಎದ್ದು, ಅವನಿಗಿಂತ ಮುಂಚೆ ಮೂಡುವ ನಕ್ಷತ್ರವನ್ನು ವರ್ಷಗಟ್ಟಲೆ ಗುರುತು ಹಿಡಿದಿರಬೇಕು. ಅವರ ಎಣಿಕೆ ಇಂದಿಗೂ ನಮ್ಮ ಹೊಲಗಳಲ್ಲಿ ಉಳಿದಿದೆ. ಅವರ ನೋಟ ಮಾತ್ರ ನಮ್ಮಿಂದ ಜಾರಿಹೋಗಿದೆ.

ನೋಟವಿಲ್ಲದ ಎಣಿಕೆಗೆ ಒಂದು ಅಪಾಯವುಂಟು. ಲೆಕ್ಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಶತಮಾನಗಳು ಕಳೆದಂತೆ ಅದು ಬೆಳೆದು, ಪಂಚಾಂಗ ಹೇಳಿದ ಹೊತ್ತಿಗೆ ಗ್ರಹಣ ಹಿಡಿಯದೆ ಹೋಗುತ್ತದೆ. ಇದನ್ನು ನಮ್ಮ ಹಿಂದಿನವರೇ ಬಲ್ಲರು. ಕೇರಳದ ಪರಮೇಶ್ವರನು 1393ರಿಂದ 1432ರವರೆಗಿನ ಗ್ರಹಣಗಳನ್ನು ತಾನೇ ನೋಡಿ ಬರೆದಿಟ್ಟನು. 1431ರಲ್ಲಿ ರಚಿಸಿದ ತನ್ನ ಗ್ರಂಥಕ್ಕೆ ‘ದೃಗ್ಗಣಿತ’ ಎಂದು ಹೆಸರಿಟ್ಟನು. ದೃಕ್ ಎಂದರೆ ನೋಟ. ನೋಟಕ್ಕೆ ಹೊಂದುವ ಗಣಿತವೇ ಗಣಿತ ಎಂಬ ನಿಲುವು ಆ ಒಂದು ಪದದಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನೋಟ ಹೊಸ ಸಲಕರಣೆಗಳೊಡನೆ ಕನ್ನಡ ನೆಲಕ್ಕೆ ಬಂದಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ದಾರಿ ವಿಜಾಪುರ, ಜಮಖಂಡಿಗಳ ಮೇಲೆ ಹಾದಿತ್ತು. ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕುಳಿತವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವನೂ, ನಕ್ಷತ್ರಗಳನ್ನು ಎಣಿಸಿ ನಮ್ಮ ಆಕಾಶಗಂಗೆಯ ಆಕಾರವನ್ನು ಊಹಿಸಿದವನೂ ಆದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಆ ದಿನ ಮೋಡಗಳ ಕಾಟ. ಅವುಗಳ ಬಿರುಕಿನಲ್ಲಿ ಸೂರ್ಯನ ಅಂಚಿನಿಂದ ಚಾಚಿದ ಜ್ವಾಲೆಯ ಬೆಳಕು ಕೆಂಪು, ಕಿತ್ತಳೆ, ನೀಲಿ ಗೆರೆಗಳಾಗಿ ಒಡೆದು ಕಂಡಿತು. ಆ ಜ್ವಾಲೆಗಳು ಉರಿಯುವ ಅನಿಲವೆಂದು ಇದರಿಂದ ತಿಳಿಯಿತು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಇಂಥದೇ ಗೆರೆಗಳನ್ನು ಕಂಡರು. ಹಳದಿಯ ಕಡೆಗಿದ್ದ ಗೆರೆಯೇ ಮುಂದೆ ಹೀಲಿಯಮ್ಮಿನ ಗುರುತೆಂದು ತಿಳಿದುಬಂದಿತು. 1895ರಲ್ಲಿ ರ‍್ಯಾಮ್ಸೆ ಅದನ್ನು ಭೂಮಿಯ ಮೇಲೆಯೇ ಪತ್ತೆಹಚ್ಚಿದನು.

ಮೂರು ವರ್ಷಗಳ ಬಳಿಕ, 1871ರ ಡಿಸೆಂಬರ್ 12ರಂದು, ನೆರಳು ನಮ್ಮ ಸೀಮೆಗೆ ಇನ್ನೂ ಹತ್ತಿರ ಬಂದಿತು. ಕಾಸರಗೋಡಿನ ಬೇಕಲದಲ್ಲಿ ನೆಲ ಮುಟ್ಟಿ, ಹೆಗ್ಗಡದೇವನಕೋಟೆಗೆ ಹೊಂದಿಕೊಂಡ ವಯನಾಡಿನ ಮಾನಂದವಾಡಿಯ ಮೇಲೆ ಹಾದು ನೀಲಗಿರಿಯತ್ತ ಸಾಗಿತು. ಇಂಗ್ಲೆಂಡಿನಿಂದ ಬಂದ ಲಾಕಿಯರ್ ಬೇಕಲದ ಕೋಟೆಯ ಮೇಲೆ ದೂರದರ್ಶಕ ಹೂಡಿದ್ದನು. ಅಲ್ಲಿ ನೆರೆದ ಜನ ರಾಹುವಿನಿಂದ ಸೂರ್ಯನನ್ನು ಬಿಡಿಸಲು ಬೆಂಕಿ ಹಾಕಹೋದರೆಂದೂ, ಹೊಗೆ ಎದ್ದು ನೋಟ ಕೆಟ್ಟೀತೆಂದು ಪೊಲೀಸರು ಅದನ್ನು ನಂದಿಸಿದರೆಂದೂ ವೃತ್ತಾಂತವಿದೆ. ಇದನ್ನು ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಕೋಟೆಯ ಮೇಲಿದ್ದವರಿಗೂ ಕೆಳಗಿದ್ದವರಿಗೂ ಕಾಳಜಿ ಸೂರ್ಯನದೇ ಆಗಿತ್ತು. ಮೇಲೆ ಏನು ನಡೆಯುತ್ತಿದೆಯೆಂದು ಕೆಳಗಿನವರಿಗೆ ಅವರ ಮಾತಿನಲ್ಲಿ ತಿಳಿಸುವವರು ಇರಲಿಲ್ಲ; ಕೊರತೆ ಇದ್ದದ್ದು ಅಲ್ಲಿ.

ಈ ಕೊರತೆಯನ್ನು ಕಂಡು ಕೆಲಸಕ್ಕಿಳಿದವರು ಚಿಂತಾಮಣಿ ರಘುನಾಥಾಚಾರ್ಯರು. ಮದರಾಸು ವೀಕ್ಷಣಾಲಯದಲ್ಲಿ ಕೆಳಗಿನ ಕೆಲಸದಿಂದ ಮೇಲೆ ಬಂದು ಪ್ರಥಮ ಸಹಾಯಕರಾದವರು. 1867ರಲ್ಲಿ ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಗುರುತಿಸಿದವರು. 1868, 1871ರ ಎರಡೂ ಗ್ರಹಣಗಳನ್ನು ಅವರು ನೋಡಿದ್ದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬವನ್ನು ಹಾಯುವುದಿತ್ತು. ಅದನ್ನು ಜನರಿಗೆ ತಿಳಿಸಲು ಸಿದ್ಧಾಂತಿಯೊಬ್ಬರೊಡನೆ ನಡೆಸಿದ ಸಂವಾದದ ರೂಪದಲ್ಲಿ ಒಂದು ಪುಸ್ತಿಕೆ ಬರೆದರು. ಅದರ ಕನ್ನಡ ಆವೃತ್ತಿಯೂ ಬಂದಿತು. ಹಳೆಯ ಶಾಸ್ತ್ರವನ್ನು ಅವರು ಹಳಿಯಲಿಲ್ಲ. ಶಾಸ್ತ್ರವನ್ನು ನೋಟದಿಂದ ತಿದ್ದಿಕೊಳ್ಳಬೇಕೆಂದರು. ದೃಗ್ಗಣಿತ ಪಂಚಾಂಗವನ್ನೂ ಹೊರತಂದರು. ಖಗೋಳದ ಹೊಸ ತಿಳಿವನ್ನು ನಮ್ಮ ನುಡಿಗೆ ತಂದ ಮೊದಲಿಗರಲ್ಲಿ ಅವರನ್ನು ಎಣಿಸಬೇಕು. ನಮ್ಮ ಸಾಹಿತ್ಯ ಚರಿತ್ರೆಗಳು ಇಂಥ ಪುಸ್ತಿಕೆಗಳಿಗೂ ಒಂದು ಪುಟ ಕೊಡುವುದು ನ್ಯಾಯ.

ಆಮೇಲಿನ ಕಥೆ ಬಹುಮಟ್ಟಿಗೆ ತಿಳಿದದ್ದು. 1899ರಲ್ಲಿ ಕೊಡೈಕನಾಲಿನ ಸೌರ ವೀಕ್ಷಣಾಲಯ ನೆಲೆಗೊಂಡಿತು. ಅದರಿಂದ ಬೆಳೆದ ಭಾರತೀಯ ಖಭೌತ ಸಂಸ್ಥೆಗೆ ಬೆಂಗಳೂರು ಕೇಂದ್ರವಾಯಿತು. ಹರ್ಷೆಲ್ ಕಂಡಿದ್ದ ಯುರೇನಸ್ಸು 1977ರ ಮಾರ್ಚ್ 10ರಂದು ಒಂದು ನಕ್ಷತ್ರದ ಹತ್ತಿರ ಹಾದಾಗ ನಕ್ಷತ್ರದ ಬೆಳಕು ಮಂಕಾದುದನ್ನು ತಮಿಳುನಾಡಿನ ಕಾವಲೂರಿನಿಂದಲೂ ದಾಖಲಿಸಿದರು. ಆ ಗ್ರಹಕ್ಕೆ ಉಂಗುರಗಳಿರುವುದು ಹೀಗೆ ಬಯಲಾಯಿತು. ಗೌರಿಬಿದನೂರಿನ ಬಯಲಿನಲ್ಲಿ 1976ರ ವೇಳೆಗೆ ಎದ್ದ ಸಾವಿರ ಆಂಟೆನಾಗಳ ಸಾಲು ಸೂರ್ಯನ, ಆಕಾಶಗಂಗೆಯ ರೇಡಿಯೋ ಅಲೆಗಳನ್ನು ಹಿಡಿಯಿತು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯು ಈ ಸಂಸ್ಥೆಯವರೇ ಮಾಡಿದ ಕರೋನಾದರ್ಶಕವನ್ನು ಹೊತ್ತೊಯ್ದಿತು. ಗ್ರಹಣದ ಕೆಲವು ನಿಮಿಷಗಳಲ್ಲಿ ಮಾತ್ರ ಸಿಗುತ್ತಿದ್ದ ಸೂರ್ಯಪ್ರಭೆಯನ್ನು ಈಗ ಕೃತಕ ಗ್ರಹಣದಿಂದ ಎಡೆಬಿಡದೆ ನೋಡಬಹುದು.

ವಿಜ್ಞಾನಿಗಳು ನೋಡಿದರೆ ಸಾಕು, ನಮಗೇಕೆ ಎಂದು ಕೇಳುವವರುಂಟು. 1980ರ ಫೆಬ್ರುವರಿ 16ರಂದು ಪೂರ್ಣಗ್ರಹಣ ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಕಡೆ ಹಾದಾಗ ದೇಶದೇಶದ ವಿದ್ವಾಂಸರು ಬಂದಿಳಿದಿದ್ದರು. ನಮ್ಮ ಜನ ಬಹುಪಾಲು ಬಾಗಿಲು ಮುಚ್ಚಿ ಒಳಗಿದ್ದರು. 2019ರ ಡಿಸೆಂಬರ್ 26ರಂದು ಕಂಕಣಗ್ರಹಣವು 1871ರ ದಾರಿಯ ಆಸುಪಾಸಿನಲ್ಲೇ ಬಂದಾಗ ಕಾಸರಗೋಡಿನ ಚೆರುವತ್ತೂರಿನಲ್ಲಿ, ಕೊಡಗಿನ ಕುಟ್ಟದಲ್ಲಿ ಜನ ಹೊರಗೆ ನಿಂತು ನೋಡಿದರು. ಒಂದೂವರೆ ಶತಮಾನದಲ್ಲಿ ಇಷ್ಟಾದರೂ ಆಗಿದೆ.

2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಮತ್ತೊಂದು ಕಂಕಣಗ್ರಹಣವಿದೆ. ಸಿಡಿಲು ಮಲ್ಲಿಕಾರ್ಜುನನ ನಮ್ಮ ಬೆಟ್ಟಕ್ಕೆ ಅದು ಪಾರ್ಶ್ವಗ್ರಹಣ. ಸೂರ್ಯನು ಆಗ ಕೃತ್ತಿಕೆಯಲ್ಲಿರುತ್ತಾನೆ. ಕೃತ್ತಿಕಾ ಮಳೆಯ ಮೋಡವೂ ಇರಬಹುದು. ಬರಿಗಣ್ಣಿನಿಂದ ಯಾರೂ ನೋಡಬಾರದು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಅದರಿಂದ ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಿದರೆ ಸಾಕು. ಪಂಚಾಂಗದಲ್ಲಿ ಸ್ಪರ್ಶಕಾಲ ಯಾವಾಗ ಬರೆದಿದೆ, ಬಿಂಬ ಕಡಿಯತೊಡಗಿದ್ದು ಯಾವಾಗ ಎಂದು ನಮ್ಮ ಶಾಲೆಯ ಮಕ್ಕಳು ಗಡಿಯಾರ ಹಿಡಿದು ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟರೆ, ಪರಮೇಶ್ವರನೂ ರಘುನಾಥಾಚಾರ್ಯರೂ ಬಯಸಿದ ಕೆಲಸ ಬೆಟ್ಟದಪುರದಲ್ಲಿಯೂ ನಡೆದಂತಾಯಿತು.